ಸಿಬ್ಬಂದಿ ಕಡಿಮೆಯಿರುವ ದಿನಸಿ ಮಳಿಗೆಯಲ್ಲಿ ಗ್ರಾಹಕರು ನಡೆದುಕೊಳ್ಳಬೇಕಾದ ಬಗೆ

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಂತಹ ನಗರಗಳ ದೊಡ್ಡ ದಿನಸಿ ಮಳಿಗೆಗಳಿಗೆ ತಿಂಗಳ ಮೊದಲ ವಾರದ ಸಂಜೆ ಹೋದವರಿಗೆಲ್ಲ ಈ ನೋಟ ಪರಿಚಿತ. ಬಿಲ್ಲಿಂಗ್ ಕೌಂಟರ್‌ಗಳು ಉದ್ದಕ್ಕೂ ಇರುತ್ತವೆ, ಆದರೆ ಅವುಗಳಲ್ಲಿ ಕೆಲವದರಲ್ಲಿ ಮಾತ್ರ ಸಿಬ್ಬಂದಿ ಇರುತ್ತಾರೆ. ಟ್ರಾಲಿಗಳ ಸಾಲು ಬೇಳೆಕಾಳು, ಅಡುಗೆ ಎಣ್ಣೆಯ ಕಪಾಟುಗಳವರೆಗೆ ಹಿಂದಕ್ಕೆ ಬೆಳೆದಿರುತ್ತದೆ. ಕಾದು ಬೇಸತ್ತವರ ಸಿಟ್ಟು ಸಹಜವಾಗಿಯೇ ಎದುರಿಗೆ ಕಾಣುವ ವ್ಯಕ್ತಿಯ ಮೇಲೆ, ಅಂದರೆ ಬೆಳಗಿನಿಂದ ನಿಂತೇ ಬಿಲ್ ಮಾಡುತ್ತಿರುವ ತರುಣಿಯ ಮೇಲೋ ಅಕ್ಕಿಯ ಮೂಟೆ ಹೊತ್ತು ಸಾಗುತ್ತಿರುವ ಹುಡುಗನ ಮೇಲೋ ಎರಗುತ್ತದೆ. ಒಂದು ಪಾಳಿಗೆ ಎಷ್ಟು ಜನ ಬೇಕು, ಎಷ್ಟು ಕೌಂಟರ್ ತೆರೆಯಬೇಕು ಎಂಬುದನ್ನು ಅವರಿಬ್ಬರಲ್ಲಿ ಯಾರೂ ತೀರ್ಮಾನಿಸಿರುವುದಿಲ್ಲ. ಆ ತೀರ್ಮಾನ ಮಳಿಗೆಯ ವ್ಯವಸ್ಥಾಪಕರ ಕೋಣೆಯಲ್ಲಿ, ಅನೇಕ ವೇಳೆ ಅದಕ್ಕೂ ದೂರದ ಕೇಂದ್ರ ಕಚೇರಿಯಲ್ಲಿ ಆಗಿರುತ್ತದೆ.

ಇಂತಹ ಮಳಿಗೆಯಲ್ಲಿ ದುಡಿಯುವವರ ಬಗ್ಗೆ ಕನಿಕರವಿರುವ ಗ್ರಾಹಕರು ಕಡಿಮೆಯೇನಿಲ್ಲ. ಆದರೆ ಆ ಕನಿಕರವನ್ನು ಕೆಲಸಕ್ಕೆ ಬರುವಂತೆ ಮಾಡುವ ರೀತಿ ಅನೇಕರಿಗೆ ಹೊಳೆಯುವುದಿಲ್ಲ. ನನ್ನ ದೃಷ್ಟಿಯಲ್ಲಿ ಅದಕ್ಕೆ ಎರಡು ಭಾಗಗಳಿವೆ: ನಮ್ಮ ಖರೀದಿಯಿಂದ ಅವರಿಗೆ ಬೀಳುವ ಅನಗತ್ಯ ಕೆಲಸವನ್ನು ತಗ್ಗಿಸುವುದು ಮೊದಲನೆಯದು, ನಮ್ಮ ಅಸಮಾಧಾನವನ್ನು ಅವರ ಮೇಲೆ ಸುರಿಯದೆ ತೀರ್ಮಾನ ಕೈಗೊಳ್ಳುವವರಿಗೆ ತಲುಪಿಸುವುದು ಎರಡನೆಯದು. ಮೊದಲನೆಯದನ್ನು ಮಾತ್ರ ಮಾಡಿ ಎರಡನೆಯದನ್ನು ಬಿಟ್ಟರೆ, ನಮ್ಮ ಸಹನೆಯಿಂದ ಲಾಭವಾಗುವುದು ಜನರನ್ನು ಕಡಿಮೆ ಇಟ್ಟುಕೊಂಡ ಕಂಪನಿಗೇ ಹೊರತು ಅಲ್ಲಿ ದುಡಿಯುವವರಿಗಲ್ಲ.

ಅವರ ದಿನ ಹೇಗಿರಬೇಕು ಎಂಬುದನ್ನು ಕಾನೂನು ಹೇಳಿದೆ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಸಾಮಾನ್ಯ ದುಡಿಮೆಯ ಮಿತಿ. 5 ಗಂಟೆಗಿಂತ ಹೆಚ್ಚು ಕಾಲ ಎಡೆಬಿಡದೆ ದುಡಿಸುವಂತಿಲ್ಲ, ನಡುವೆ ಕನಿಷ್ಠ 1 ಗಂಟೆಯ ವಿರಾಮ ಕೊಡಬೇಕು. ಮಿತಿ ಮೀರಿದ ದುಡಿಮೆಗೆ ಎರಡು ಪಟ್ಟು ಕೂಲಿ ಕೊಡಬೇಕು. ಹತ್ತು ಜನರ ಕೆಲಸವನ್ನು ಆರು ಜನರಿಂದ ಮಾಡಿಸುವ ಕಡೆ ಮೊದಲು ಮೊಟಕಾಗುವುದು ಈ ವಿರಾಮವೇ. ಆದ್ದರಿಂದ ಮಧ್ಯಾಹ್ನ ಮೂರು ಗಂಟೆಗೆ ಒಂದು ಕೌಂಟರಿನ ಮೇಲೆ ‘ಮುಚ್ಚಲಾಗಿದೆ’ ಎಂಬ ಫಲಕವಿಟ್ಟು ಯಾರಾದರೂ ಒಳಗೆ ಹೋಗುವುದು ಕಂಡರೆ, ಅವರು ಊಟಕ್ಕೆ ಹೋಗುತ್ತಿದ್ದಾರೆಂದು ತಿಳಿಯಬೇಕು. ‘ನನ್ನದೊಂದೇ ಬಿಲ್ ಮಾಡಿಬಿಡಿ’ ಎಂದು ಅಂಗಲಾಚಿದರೆ ಅವರು ಇಲ್ಲವೆನ್ನಲಾರರು; ಆ ಒಂದು ಬಿಲ್ಲಿನ ಹಿಂದೆಯೇ ಇನ್ನೂ ನಾಲ್ವರು ಟ್ರಾಲಿ ತಂದು ನಿಲ್ಲಿಸುತ್ತಾರೆ.

ಹೋಗುವ ಹೊತ್ತು

ಸಂಬಳದ ವಾರ, ಶನಿವಾರ ಮತ್ತು ಭಾನುವಾರದ ಸಂಜೆಗಳು, ವರಮಹಾಲಕ್ಷ್ಮಿ, ಗೌರಿ-ಗಣೇಶ, ಆಯುಧಪೂಜೆ, ದೀಪಾವಳಿಗಳ ಹಿಂದಿನ ದಿನಗಳು ಅತಿ ಹೆಚ್ಚು ಜನ ಸೇರುವ ಹೊತ್ತು. ಹೊತ್ತನ್ನು ಆರಿಸಿಕೊಳ್ಳುವ ಅನುಕೂಲವಿರುವವರು, ಅಂದರೆ ನಿವೃತ್ತರು ಹಾಗೂ ಮನೆಯಿಂದಲೇ ಕೆಲಸ ಮಾಡುವವರು, ವಾರದ ನಡುವಿನ ಬೆಳಗನ್ನು ಆರಿಸಿಕೊಂಡರೆ ಸಂಜೆ ಮಾತ್ರ ಬರಲು ಸಾಧ್ಯವಿರುವವರಿಗೂ ಸಿಬ್ಬಂದಿಗೂ ಒಮ್ಮೆಗೇ ಉಪಕಾರವಾಗುತ್ತದೆ. ಮಳಿಗೆ ಮುಚ್ಚುವ ಹೊತ್ತಿಗೆ ಸರಿಯಾಗಿ ತಿಂಗಳ ಸಾಮಾನಿಗೆಂದು ಒಳಗೆ ಕಾಲಿಡುವುದನ್ನು ಮಾತ್ರ ಎಲ್ಲರೂ ತಪ್ಪಿಸಬಹುದು. ಬಾಗಿಲು ಹಾಕಿದ ಮೇಲೂ ನಗದನ್ನು ಎಣಿಸಿ ಲೆಕ್ಕ ಒಪ್ಪಿಸುವುದು, ಅಲ್ಲಲ್ಲಿ ಬಿಟ್ಟುಹೋದ ಸಾಮಾನನ್ನು ಜಾಗಕ್ಕೆ ಸೇರಿಸುವುದು, ನೆಲ ಒರೆಸುವುದು ಉಳಿದಿರುತ್ತದೆ. ಕೊನೆಯ ಗ್ರಾಹಕರು ಅರ್ಧ ಗಂಟೆ ತಡ ಮಾಡಿದರೆ, ದೂರದ ಬಡಾವಣೆಗೆ ಹೋಗಬೇಕಾದ ಹೆಣ್ಣುಮಗಳಿಗೆ ಕೊನೆಯ ಬಸ್ಸು ತಪ್ಪುತ್ತದೆ. ಒಂದು ಪೊಟ್ಟಣ ಹಾಲೋ ಮೊಸರೋ ಬೇಕಾದಾಗ ಅದನ್ನಷ್ಟೇ ತೆಗೆದುಕೊಂಡು ಹೊರಡುವುದಕ್ಕೆ ಯಾರ ಆಕ್ಷೇಪವೂ ಇರಲಾರದು.

ಕಪಾಟುಗಳ ನಡುವೆ

ಗ್ರಾಹಕರು ಅರಿಯದೆಯೇ ಹೆಚ್ಚಿನ ಕೆಲಸ ಹುಟ್ಟಿಸುವುದು ಇಲ್ಲಿ. ಟ್ರಾಲಿಗೆ ಹಾಕಿಕೊಂಡ ಪನೀರು, ಬೆಣ್ಣೆ, ಐಸ್‌ಕ್ರೀಂ ಅಥವಾ ಶೈತ್ಯೀಕರಿಸಿದ ಬಟಾಣಿ ಬೇಡವೆನಿಸಿದಾಗ ಅದನ್ನು ಹತ್ತಿರದ ಬಿಸ್ಕತ್ತಿನ ಕಪಾಟಿನಲ್ಲಿ ತುರುಕಿ ಹೋಗುವವರಿದ್ದಾರೆ. ಶೈತ್ಯೀಕರಿಸಿದ ಆಹಾರವನ್ನು ಶೂನ್ಯಕ್ಕಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿನ ಉಷ್ಣತೆಯಲ್ಲಿ ಇಡಬೇಕಾಗುತ್ತದೆ. ಗಂಟೆಗಟ್ಟಲೆ ಹೊರಗಿದ್ದು ಕರಗಿದ್ದನ್ನು ಮತ್ತೆ ಒಳಗಿಟ್ಟು ಮಾರುವುದು ಸುರಕ್ಷಿತವಲ್ಲ. ಅದನ್ನು ಹುಡುಕಿ ತೆಗೆಯುವುದು, ಹಾಳಾದ ಸರಕಿನ ಲೆಕ್ಕಕ್ಕೆ ಬರೆಯುವುದು, ಸೋರಿದ್ದರೆ ಕಪಾಟು ಒರೆಸುವುದು ಎಲ್ಲವೂ ಸಿಬ್ಬಂದಿಯ ಪಾಲಿಗೆ ಬರುತ್ತದೆ. ಬೇಡವಾದುದನ್ನು ತಂದ ಜಾಗಕ್ಕೇ ಮರಳಿಸಿ. ಅಷ್ಟು ದೂರ ಹೋಗಲಾಗದಿದ್ದರೆ ಬಿಲ್ಲಿಂಗ್ ಕೌಂಟರಿನಲ್ಲಿ ಸಾಮಾನು ಎತ್ತಿಡುವ ಮೊದಲೇ ‘ಇದು ಬೇಡ’ ಎಂದು ಕೈಗೆ ಕೊಟ್ಟುಬಿಡಿ; ಕಪಾಟಿನಲ್ಲಿ ಬಚ್ಚಿಡುವುದಕ್ಕಿಂತ ಇದು ಎಷ್ಟೋ ಮೇಲು, ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ತರಕಾರಿಯ ವಿಭಾಗದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಬೆಂಡೆಕಾಯಿ ಎಳೆಯದೋ ಬಲಿತದ್ದೋ ಎಂದು ತುದಿ ಮುರಿದು ನೋಡುವುದು ನಮ್ಮಲ್ಲಿ ತಲೆತಲಾಂತರದಿಂದ ಬಂದ ರೂಢಿ. ಸಂತೆಯಲ್ಲಿ ಮಾರುವವಳೇ ಎದುರಿಗಿದ್ದು ‘ಮುರೀಬೇಡಿ ಅಮ್ಮಾ’ ಎನ್ನುತ್ತಾಳೆ. ಮಳಿಗೆಯಲ್ಲಿ ಹೇಳುವವರಿಲ್ಲದ ಕಾರಣ ಸಂಜೆಯ ಹೊತ್ತಿಗೆ ಬುಟ್ಟಿಯ ತುಂಬ ಮುರಿದ ಬೆಂಡೆಯೇ ಉಳಿಯುತ್ತದೆ, ಮುರಿದ ತುದಿ ಬೇಗನೆ ಬಾಡಿ ಕಪ್ಪಾಗುತ್ತದೆ. ಟೊಮೆಟೊ ರಾಶಿಯನ್ನು ತಳದಿಂದ ಕೆದಕುವುದು, ಈರುಳ್ಳಿಯ ಸಿಪ್ಪೆ ಸುಲಿದು ನೆಲಕ್ಕೆ ಹಾಕುವುದು, ಕೊತ್ತಂಬರಿ ಕಟ್ಟನ್ನು ಬಿಚ್ಚಿ ಒಳ್ಳೆಯದನ್ನಷ್ಟೇ ಆರಿಸಿಕೊಳ್ಳುವುದು, ಬಿಡಿ ಅಕ್ಕಿಯ ಡಬ್ಬಿಯಲ್ಲಿದ್ದ ಸೌಟನ್ನು ತೊಗರಿಬೇಳೆಗೆ ಅದ್ದುವುದು, ಇವೆಲ್ಲವನ್ನೂ ಸರಿಪಡಿಸಲು ಇರುವವರು ಸಾಮಾನ್ಯವಾಗಿ ಒಬ್ಬಿಬ್ಬರು, ಅವರೇ ತೂಕವನ್ನೂ ಮಾಡಬೇಕು. ಕಣ್ಣಿನಿಂದ ನೋಡಿ, ಹಗುರವಾಗಿ ಮುಟ್ಟಿ ಆರಿಸಿಕೊಳ್ಳಲು ಬರುತ್ತದೆ. ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು.

ತೂಕದ ಕೌಂಟರಿಗೆ ಹೋಗುವಾಗ ಒಂದೊಂದು ತರಕಾರಿಯನ್ನು ಒಂದೊಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಹಸಿರು ಕ್ಯಾಪ್ಸಿಕಂ ಮತ್ತು ಕೆಂಪು ಕ್ಯಾಪ್ಸಿಕಂ ಬೇರೆ ಬೇರೆ ಬೆಲೆಯವು, ನಾಟಿ ಟೊಮೆಟೊ ಮತ್ತು ಹೈಬ್ರಿಡ್ ಟೊಮೆಟೊ ಬೇರೆ ಬೇರೆ ಸಂಕೇತದವು. ಮಿಶ್ರಮಾಡಿ ತಂದರೆ ಬಿಚ್ಚಿ ಬೇರ್ಪಡಿಸಬೇಕಾಗುತ್ತದೆ. ತೂಕದ ಚೀಟಿ ಅಂಟಿಸದೆ ನೇರವಾಗಿ ಬಿಲ್ಲಿಗೆ ತಂದ ಒಂದು ಚೀಲ ಬಾಳೆಹಣ್ಣು ಇಡೀ ಸಾಲನ್ನು ನಿಲ್ಲಿಸಿಬಿಡುತ್ತದೆ, ಏಕೆಂದರೆ ಅದನ್ನು ತೂಗಿಸಿ ತರಲು ಓಡುವ ಇನ್ನೊಬ್ಬರು ಈಗ ಮಳಿಗೆಯಲ್ಲಿ ಇಲ್ಲ.

ಏನಾದರೂ ಸಿಗದಿದ್ದಾಗ ಕೇಳುವುದಕ್ಕೂ ಒಂದು ಕ್ರಮವಿದೆ. ಭಾರ ಎತ್ತಿಕೊಂಡಿರುವವರನ್ನು, ಏಣಿಯ ಮೇಲಿರುವವರನ್ನು ಕೂಗಿ ಕರೆಯಬೇಡಿ; ಅವರು ಕೆಳಗಿಳಿಯುವವರೆಗೆ ಕಾಯಿರಿ. ‘ಅರ್ಧ ಕೆಜಿ ಉದ್ದಿನಬೇಳೆ ಎಲ್ಲಿದೆ?’ ಎಂದು ಅಳತೆಯ ಸಮೇತ ಕೇಳಿದರೆ ಉತ್ತರ ಒಂದೇ ಮಾತಿನಲ್ಲಿ ಸಿಗುತ್ತದೆ. ಸೋಪು, ಟೀಪುಡಿಯ ಕಪಾಟಿನ ಬಳಿ ನಿಂತಿರುವವರು ಎಷ್ಟೋ ವೇಳೆ ಆ ಸೋಪಿನ ಕಂಪನಿಯಿಂದ ಬಂದ ಪ್ರಚಾರಕರಾಗಿದ್ದು ಅವರಿಗೆ ಉಳಿದ ಸಾಮಾನಿನ ಜಾಗ ತಿಳಿದಿರುವುದಿಲ್ಲ. ‘ಸ್ಟಾಕ್ ಇಲ್ಲ’ ಎಂಬ ಉತ್ತರ ಬಂದ ಮೇಲೆ ‘ಒಳಗೆ ಹೋಗಿ ನೋಡಿ’ ಎಂದು ಒತ್ತಾಯಿಸುವ ಮುನ್ನ, ಅವರು ಗೋದಾಮಿಗೆ ಹೋದರೆ ಇಲ್ಲಿಯ ಕೆಲಸಕ್ಕೆ ಯಾರಿದ್ದಾರೆ ಎಂಬುದನ್ನು ಗಮನಿಸಬೇಕು. ಮಕ್ಕಳ ಔಷಧಾಹಾರದಂತಹ ನಿಜವಾದ ಅಗತ್ಯವಿದ್ದರೆ ಹಾಗೆಂದು ಹೇಳಿ ಕೇಳುವುದು ತಪ್ಪಲ್ಲ. ಎಣ್ಣೆಯೋ ಉಪ್ಪಿನಕಾಯಿಯೋ ಕೈಜಾರಿ ಒಡೆದರೆ ಜಾಗ ಬಿಟ್ಟು ಹೋಗದೆ, ಯಾರಿಗಾದರೂ ತಿಳಿಸಿ, ಅವರು ಬರುವವರೆಗೆ ಬೇರೆಯವರು ಜಾರದಂತೆ ಅಲ್ಲೇ ನಿಂತಿರಿ.

ಬಿಲ್ಲಿಂಗ್ ಕೌಂಟರಿನಲ್ಲಿ

ಒಬ್ಬರು ಮಾಡುವ ಎರಡು ನಿಮಿಷದ ವಿಳಂಬ ಹಿಂದೆ ನಿಂತ ಹತ್ತು ಜನರ ಪಾಲಿಗೆ ಒಟ್ಟು ಇಪ್ಪತ್ತು ನಿಮಿಷವಾಗುತ್ತದೆ, ಆ ಹತ್ತೂ ಜನರ ಅಸಹನೆ ಒಬ್ಬಳೇ ಕ್ಯಾಷಿಯರ್ ಕಡೆಗೆ ತಿರುಗುತ್ತದೆ. ಇಲ್ಲಿ ಮಾಡುವ ಸಣ್ಣ ಸಿದ್ಧತೆಗೂ ಬೆಲೆಯಿದೆ ಎನ್ನುವುದು ಇದಕ್ಕಾಗಿಯೇ. ಸಾಲಿನಲ್ಲಿರುವಾಗಲೇ ಭಾರದ ವಸ್ತುಗಳನ್ನು ಮೊದಲು, ಮೊಟ್ಟೆ, ಬ್ರೆಡ್ಡು, ಸೊಪ್ಪುಗಳನ್ನು ಕೊನೆಗೆ ಬರುವಂತೆ ಜೋಡಿಸಿಕೊಳ್ಳಿ. ಒಂದೇ ಬಗೆಯ ಸಾಮಾನು ಒಟ್ಟಿಗಿದ್ದರೆ ಒಂದನ್ನು ಸ್ಕ್ಯಾನ್ ಮಾಡಿ ಎಣಿಕೆ ಹಾಕಿಬಿಡಬಹುದು. ಬಾರ್‌ಕೋಡ್ ಇರುವ ಮಗ್ಗುಲು ಅವರ ಕಡೆಗಿದ್ದರೆ ಪ್ರತಿ ಪೊಟ್ಟಣವನ್ನೂ ತಿರುಗಿಸಿ ಹುಡುಕುವ ಶ್ರಮ ತಪ್ಪುತ್ತದೆ. ಆ ಮಣಿಕಟ್ಟು ದಿನಕ್ಕೆ ಎಷ್ಟು ಬಾರಿ ತಿರುಗುತ್ತದೆ ಎಂದು ಒಮ್ಮೆ ನಿಂತು ನೋಡಿದವರಿಗೆ ಇದು ಸಣ್ಣ ಮಾತೆನಿಸದು. ಹತ್ತು ಕೆಜಿಯ ಅಕ್ಕಿ ಚೀಲವನ್ನು ಮೇಜಿನ ಮೇಲೆ ಎತ್ತಿಡುವ ಅಗತ್ಯವಿದೆಯೇ ಎಂದು ಕೇಳಿ. ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಇದ್ದರೆ ಅದನ್ನು ಟ್ರಾಲಿಯಲ್ಲಿರುವಂತೆಯೇ ಬಿಲ್ ಮಾಡಬಹುದು.

ಚೀಲವನ್ನು ಮನೆಯಿಂದಲೇ ತನ್ನಿ. ಬಿಲ್ ಆಗುತ್ತಿದ್ದಂತೆ ಸಾಮಾನನ್ನು ನೀವೇ ತುಂಬಿಕೊಳ್ಳಿ. ಇದನ್ನು ಯಾರೋ ಮಾಡಿಕೊಡಬೇಕೆಂದು ಕೈಕಟ್ಟಿ ನಿಲ್ಲುವುದು, ಚೀಲ ತುಂಬಲು ಪ್ರತ್ಯೇಕ ಸಿಬ್ಬಂದಿಯಿದ್ದ ಕಾಲದ ಅಭ್ಯಾಸ. ಮರೆತ ಸಕ್ಕರೆಯನ್ನು ತರಲು ಬಿಲ್ಲಿನ ನಡುವೆ ಓಡಬೇಡಿ. ಅದನ್ನು ಬಿಟ್ಟುಬಿಡಿ, ಇಲ್ಲವೇ ಬಿಲ್ ಮುಗಿಸಿ ಮತ್ತೆ ಸಾಲಿಗೆ ಬನ್ನಿ. ಹಾಗೆಯೇ ಬಿಲ್ಲಿಗೆ ಸೇರಿಸಿದ ಮೇಲೆ ಒಂದು ವಸ್ತುವನ್ನು ತೆಗೆಸುವುದು ಹೊರಗಿನಿಂದ ಕಾಣುವಷ್ಟು ಸುಲಭವಲ್ಲ. ಸಾಮಾನ್ಯವಾಗಿ ಅದಕ್ಕೆ ಸೂಪರ್‌ವೈಸರ್ ಬಂದು ಅನುಮತಿ ಕೊಡಬೇಕು, ಆ ಸೂಪರ್‌ವೈಸರ್ ಬೇರೆಲ್ಲೋ ಇನ್ನೊಂದು ಕೌಂಟರಿನಲ್ಲಿ ಸಿಕ್ಕಿಕೊಂಡಿರುತ್ತಾರೆ. ಆದ್ದರಿಂದ ಬೇಕು, ಬೇಡಗಳ ತೀರ್ಮಾನ ಸಾಲಿನಲ್ಲಿದ್ದಾಗಲೇ ಮುಗಿದಿರಲಿ.

ಸಹಾನುಭೂತಿಯೆಂದರೆ ನಮ್ಮ ಹಕ್ಕನ್ನು ಬಿಟ್ಟುಕೊಡುವುದೆಂದು ಯಾರೂ ತಿಳಿಯಬಾರದು. ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಚಿಲ್ಲರೆ ಬೆಲೆಗಿಂತ ಹೆಚ್ಚು ತೆಗೆದುಕೊಳ್ಳುವುದು 2011ರ ಪೊಟ್ಟಣ ಸರಕುಗಳ ನಿಯಮಗಳಿಗೆ ವಿರುದ್ಧವಾದದ್ದು. ಬೆಲೆ ಪರದೆಯ ಮೇಲೆ ಮೂಡುವಾಗಲೇ ನೋಡುತ್ತಿದ್ದು, ವ್ಯತ್ಯಾಸ ಕಂಡ ಕೂಡಲೇ ‘ಕಪಾಟಿನ ಚೀಟಿಯಲ್ಲಿ ಬೇರೆ ಬೆಲೆ ಇತ್ತು, ಒಮ್ಮೆ ನೋಡುತ್ತೀರಾ?’ ಎಂದು ಕೇಳಿ. ಕಪಾಟಿನ ಚೀಟಿ ಬದಲಾಗದೆ ಉಳಿದಿರುವುದು ಸಹ ಬಹುಪಾಲು ಜನ ಸಾಲದ್ದರಿಂದಲೇ ಆಗುವ ಲೋಪ. ಬಿಲ್ ಮಾಡುವವರು ಆ ಬೆಲೆಯನ್ನು ನಿಗದಿಪಡಿಸಿದವರಲ್ಲ. ಅಲ್ಲಿಯೇ ಬಗೆಹರಿಯದಿದ್ದರೆ ವಸ್ತುವನ್ನು ಪಕ್ಕಕ್ಕಿಟ್ಟು, ಉಳಿದದ್ದಕ್ಕೆ ಹಣ ಕೊಟ್ಟು, ಗ್ರಾಹಕ ಸೇವಾ ಮೇಜಿನಲ್ಲಿ ಮಾತು ಮುಂದುವರಿಸಿ. ಅಲ್ಲಿಯೂ ನ್ಯಾಯ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದ್ದೇ ಇದೆ. ಮೊಬೈಲ್ ಸಂಖ್ಯೆ ಕೇಳುವುದೂ ಹೀಗೆಯೇ. ಸಂಖ್ಯೆ ಕೊಡಲೇಬೇಕೆಂದು ಮಳಿಗೆಗಳು ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಸೂಚಿಸಿದೆ. ಆದರೂ ಕೇಳುವಂತೆ ಸಿಬ್ಬಂದಿಗೆ ಮೇಲಿನಿಂದ ಹೇಳಿರುತ್ತಾರೆ. ‘ಸಂಖ್ಯೆ ಬೇಡಮ್ಮ, ಹಾಗೆಯೇ ಬಿಲ್ ಮಾಡಿ’ ಎಂದರೆ ಸಾಕು, ಖಾಸಗಿತನದ ಬಗ್ಗೆ ಅವರಿಗೆ ಉಪನ್ಯಾಸ ಬೇಕಾಗಿಲ್ಲ.

ಹಣ ಕೊಡುವ ಹಂತದಲ್ಲಿ ಆಗುವ ಜಗಳಗಳಲ್ಲಿ ಹೆಚ್ಚಿನವು ಯುಪಿಐ ಪಾವತಿಗೆ ಸಂಬಂಧಿಸಿದವು. ನಿಮ್ಮ ಖಾತೆಯಿಂದ ಹಣ ಹೋಗಿದೆ, ಮಳಿಗೆಯ ಯಂತ್ರಕ್ಕೆ ಬಂದಿಲ್ಲ. ಇಂತಹ ಸಂದರ್ಭದಲ್ಲಿ ಕ್ಯಾಷಿಯರ್‌ಗೆ ನಿಮ್ಮ ಬ್ಯಾಂಕಿನ ಲೆಕ್ಕ ಕಾಣುವುದಿಲ್ಲ; ಹಣ ಬರದೆ ಸಾಮಾನು ಬಿಟ್ಟುಕೊಟ್ಟರೆ ಸಂಜೆಯ ಲೆಕ್ಕದಲ್ಲಿ ಬೀಳುವ ಕೊರತೆಗೆ ಉತ್ತರ ಹೇಳಬೇಕಾದವರು ಅವರೇ. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಸುತ್ತೋಲೆಯಂತೆ, ವ್ಯಾಪಾರಿಗೆ ತಲುಪದ ಯುಪಿಐ ಹಣ ವಹಿವಾಟಿನ ದಿನದಿಂದ 5 ದಿನಗಳೊಳಗೆ ತಾನಾಗಿಯೇ ಖಾತೆಗೆ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸೇರಿಸಿ ಕೊಡಬೇಕು. ಇದು ನಿಮಗೂ ನಿಮ್ಮ ಬ್ಯಾಂಕಿಗೂ ಸಂಬಂಧಿಸಿದ ವಿಷಯ. ವಹಿವಾಟಿನ ಸಂಖ್ಯೆಯನ್ನು ಉಳಿಸಿಕೊಂಡು ಕಾರ್ಡಿನಿಂದಲೋ ನಗದಿನಿಂದಲೋ ಬಿಲ್ ತೀರಿಸಿ. ಹಾಗಾಗಿ ಸ್ವಲ್ಪ ನಗದು ಜೇಬಿನಲ್ಲಿರುವುದು ಒಳ್ಳೆಯದು. ನಗದು ಕೊಡುವವರು ಚಿಲ್ಲರೆಯನ್ನೂ ತಂದರೆ ಇನ್ನೂ ಒಳ್ಳೆಯದು.

ಹೊರಬಾಗಿಲಲ್ಲಿ ಬಿಲ್ ನೋಡಿ ಮೊಹರು ಒತ್ತುವ ಸೆಕ್ಯೂರಿಟಿಯವರ ಮೇಲೆ ‘ನಾವೇನು ಕಳ್ಳರಾ?’ ಎಂದು ರೇಗುವುದನ್ನು ಆಗಾಗ ಕಾಣುತ್ತೇವೆ. ಬಿಲ್ಲನ್ನು ಕೈಯಲ್ಲೇ ಹಿಡಿದುಕೊಂಡು ಹೋದರೆ ಅರ್ಧ ನಿಮಿಷದಲ್ಲಿ ಮುಗಿಯುವ ಕೆಲಸವದು.

ಮಾತು

ಸಮವಸ್ತ್ರದಲ್ಲಿರುವವರನ್ನು ‘ಏಯ್’, ‘ಹಲೋ’ ಎಂದು ಕರೆಯುವವರು, ವಯಸ್ಸಿನಲ್ಲಿ ಹಿರಿಯರಾದವರನ್ನೂ ಏಕವಚನದಲ್ಲಿ ಮಾತನಾಡಿಸುವವರು ನಮ್ಮ ನಡುವೆ ಇದ್ದಾರೆ. ಅಣ್ಣ, ಅಕ್ಕ, ಅಮ್ಮ, ಮೇಡಂ, ಸರ್, ಇವುಗಳಲ್ಲಿ ಯಾವುದಾದರೂ ಸರಿ, ಜೊತೆಗೆ ಬಹುವಚನವಿದ್ದರೆ ಸಾಕು. ಚಿಕ್ಕ ವಯಸ್ಸಿನವರಾದರೆ ‘ಏನಮ್ಮಾ’, ‘ತಮ್ಮಾ’ ಎಂಬ ಸಲುಗೆಯೂ ಹಿತವಾಗಿಯೇ ಕೇಳಿಸುತ್ತದೆ, ದನಿಯಲ್ಲಿ ಅಧಿಕಾರವಿರಬಾರದು ಅಷ್ಟೆ. ಬೆಂಗಳೂರಿನ ಮಳಿಗೆಗಳಲ್ಲಿ ಹೊರರಾಜ್ಯಗಳಿಂದ ಬಂದವರೂ ದುಡಿಯುತ್ತಿದ್ದಾರೆ. ಅವರೊಡನೆ ಕನ್ನಡದಲ್ಲಿಯೇ ನಿಧಾನವಾಗಿ, ಚಿಕ್ಕ ವಾಕ್ಯಗಳಲ್ಲಿ ಮಾತನಾಡಿದರೆ ಅವರಿಗೆ ಭಾಷೆ ಬೇಗ ಹತ್ತುತ್ತದೆ. ಸಾಲಿನ ಮಧ್ಯೆ ನಿಲ್ಲಿಸಿ ಭಾಷೆಯ ವಿಚಾರಣೆ ನಡೆಸಿದರೆ ಹತ್ತುವುದಿಲ್ಲ.

ಕಾದು ಕಾದು ನಿಮ್ಮ ಸರದಿ ಬಂದಾಗ ‘ಎಷ್ಟು ಹೊತ್ತು?’ ಎಂಬುದು ಮೊದಲ ಮಾತಾಗದಿರಲಿ. ‘ಇವತ್ತು ಜನ ತುಂಬಾ ಇದ್ದಾರೆ, ನಿಧಾನವಾಗಿ ಮಾಡಿ’ ಎಂಬ ಒಂದು ವಾಕ್ಯ ಅವರ ಕೈಯ ಆತುರವನ್ನು ಇಳಿಸುತ್ತದೆ, ಆತುರ ಇಳಿದರೆ ಬಿಲ್ಲಿನ ತಪ್ಪುಗಳೂ ಇಳಿಯುತ್ತವೆ. ಅದಕ್ಕಿಂತ ಹೆಚ್ಚಿನ ಕುಶಲೋಪರಿ ಬೇಡ. ಕನಿಕರದಿಂದಲೇ ಆದರೂ ‘ನಿಮಗೆ ಸಂಬಳ ಎಷ್ಟು ಕೊಡುತ್ತಾರೆ?’, ‘ಇಲ್ಲಿ ಯಾಕೆ ಇಷ್ಟು ಕಡಿಮೆ ಜನ?’ ಎಂದು ಕೌಂಟರಿನಲ್ಲಿ ಕೇಳಬಾರದು. ಮೇಲೆ ಕ್ಯಾಮೆರಾ ಇರುತ್ತದೆ, ಪಕ್ಕದಲ್ಲಿ ಸೂಪರ್‌ವೈಸರ್ ಇರುತ್ತಾರೆ. ನಿಜ ಹೇಳಿದರೆ ಅವರಿಗೆ ತೊಂದರೆ, ಸುಳ್ಳು ಹೇಳುವುದು ಅವರಿಗೆ ಮುಜುಗರ. ಕೈಗೆ ಹಣ ತುರುಕುವುದೂ ಬೇಡ. ಹಲವು ಮಳಿಗೆಗಳಲ್ಲಿ ಕ್ಯಾಷಿಯರ್ ಬಳಿ ಸ್ವಂತ ಹಣವಿರುವುದನ್ನೇ ಒಪ್ಪುವುದಿಲ್ಲ, ನಿಮ್ಮ ಇಪ್ಪತ್ತು ರೂಪಾಯಿ ಅವರ ಮೇಲೆ ಅನುಮಾನ ತರಬಹುದು.

ಬೇರೊಬ್ಬ ಗ್ರಾಹಕರು ಕೂಗಾಡುತ್ತಿದ್ದರೆ ಅವರೊಡನೆ ವಾದಕ್ಕಿಳಿಯುವುದರಿಂದ ಗದ್ದಲ ಇಮ್ಮಡಿಯಾಗುತ್ತದೆ. ಬದಲಿಗೆ ಹತ್ತಿರ ಹೋಗಿ ನಿಂತು, ‘ಇವರು ಸರಿಯಾಗಿಯೇ ಮಾಡುತ್ತಿದ್ದಾರೆ, ನಾನು ನೋಡುತ್ತಿದ್ದೇನೆ’ ಎಂದು ಶಾಂತವಾಗಿ ಹೇಳಿ, ಸೂಪರ್‌ವೈಸರ್ ಅವರನ್ನು ಕರೆಯಿಸಿ. ಒಬ್ಬರು ಸಾಕ್ಷಿಯಾಗಿದ್ದಾರೆ ಎಂಬುದು ಕೂಗುವವರ ದನಿಯನ್ನೂ ತಗ್ಗಿಸುತ್ತದೆ, ಆಮೇಲೆ ಒಳಗೆ ನಡೆಯುವ ವಿಚಾರಣೆಯಲ್ಲಿ ಆ ಸಿಬ್ಬಂದಿಗೆ ಆಧಾರವೂ ಆಗುತ್ತದೆ.

ದೂರು ಯಾರಿಗೆ

ಹೆಚ್ಚಿನ ಕೌಂಟರ್ ತೆರೆಯಿರೆಂದು ಬಿಲ್ ಮಾಡುತ್ತಿರುವವರನ್ನು ಕೇಳಿ ಫಲವಿಲ್ಲ. ಸೂಪರ್‌ವೈಸರ್ ಇಲ್ಲವೇ ವ್ಯವಸ್ಥಾಪಕರನ್ನು ಕೇಳಬೇಕು. ಅವರ ಮಿತಿಯನ್ನೂ ಮೀರಿದ್ದಾದರೆ ಕಂಪನಿಗೆ ಬರೆಯಬೇಕು. ಬಿಲ್ಲಿನ ಮೇಲೆ ಮಳಿಗೆಯ ಹೆಸರು, ದಿನಾಂಕ, ಸಮಯ ಮುದ್ರಣವಾಗಿರುತ್ತವೆ. ಅವುಗಳ ಜೊತೆಗೆ ಒಟ್ಟು ಎಷ್ಟು ಕೌಂಟರ್‌ಗಳಿದ್ದವು, ಎಷ್ಟರಲ್ಲಿ ಜನರಿದ್ದರು, ಎಷ್ಟು ಹೊತ್ತು ಕಾದಿರಿ ಎಂಬುದನ್ನು ಸೇರಿಸಿ, ‘ಸಿಬ್ಬಂದಿಯ ಕೆಲಸದಲ್ಲಿ ಯಾವ ದೋಷವೂ ಇರಲಿಲ್ಲ, ಈ ಹೊತ್ತಿಗೆ ಜನ ಸಾಲದು, ದಯವಿಟ್ಟು ಹೆಚ್ಚಿಸಿ’ ಎಂದು ಸ್ಪಷ್ಟವಾಗಿ ಬರೆಯಿರಿ. ಈ ವಾಕ್ಯವಿಲ್ಲದ ದೂರು ಕೆಳಗಿಳಿದು ಬರುವಾಗ ಆ ಪಾಳಿಯಲ್ಲಿದ್ದವರ ನಿಧಾನದ ಬಗೆಗಿನ ದೂರಾಗಿ ಮಾರ್ಪಡುವ ಅಪಾಯವಿದೆ. ದೂರಿನಲ್ಲಿ ಯಾರ ಹೆಸರನ್ನೂ ಬರೆಯಬೇಡಿ. ಮೆಚ್ಚುಗೆಯಾದರೆ ಎದೆಯ ಮೇಲಿನ ಫಲಕದಲ್ಲಿರುವ ಹೆಸರನ್ನು ತಪ್ಪದೆ ಬರೆಯಿರಿ. ಬಾಯಲ್ಲಿ ಹೇಳಿದ ಧನ್ಯವಾದಕ್ಕಿಂತ ಬರಹದಲ್ಲಿರುವ ಹೆಸರು ಅವರಿಗೆ ಹೆಚ್ಚು ನೆರವಾಗುತ್ತದೆ.

ಇನ್ನೊಂದು ಬೇಡಿಕೆಯನ್ನೂ ಅದೇ ಪತ್ರದಲ್ಲಿ ಸೇರಿಸಬಹುದು: ಬಿಲ್ ಮಾಡುವವರಿಗೆ ಕುಳಿತುಕೊಳ್ಳಲು ಒಂದು ಆಸನ. ಕೇರಳವು 2018ರಲ್ಲಿ, ತಮಿಳುನಾಡು 2021ರಲ್ಲಿ ತಮ್ಮ ಅಂಗಡಿ ಕಾಯ್ದೆಗಳನ್ನು ತಿದ್ದಿ ಅಂಗಡಿಯ ಕೆಲಸಗಾರರಿಗೆ ಆಸನ ಒದಗಿಸುವುದನ್ನು ಕಡ್ಡಾಯಗೊಳಿಸಿದವು. ಕೇರಳದ ಆ ತಿದ್ದುಪಡಿಯ ಹಿಂದೆ ಕೋಳಿಕೋಡಿನ ಅಂಗಡಿಗಳಲ್ಲಿ ಇಡೀ ದಿನ ನಿಂತೇ ದುಡಿಯುತ್ತಿದ್ದ ಮಹಿಳೆಯರ ಹೋರಾಟವಿತ್ತು, ಪಿ. ವಿಜಿ ಎಂಬವರ ಮುಂದಾಳತ್ವದಲ್ಲಿ ‘ಪೆಣ್‌ಕೂಟ್ಟ್’ ಎಂಬ ಸಂಘಟನೆ ಶೌಚಾಲಯದ ಬೇಡಿಕೆಯಿಂದ ಆರಂಭಿಸಿ ಕುಳಿತುಕೊಳ್ಳುವ ಹಕ್ಕಿನವರೆಗೆ ವರ್ಷಗಟ್ಟಲೆ ದುಡಿಯಿತು. ಮಂಗಳೂರಿನಿಂದ ಕೋಳಿಕೋಡು ಕೆಲವೇ ಗಂಟೆಗಳ ರೈಲು ಪ್ರಯಾಣದಷ್ಟು ದೂರ. ನಮ್ಮ ಮಳಿಗೆಗಳಲ್ಲಿ ಕೌಂಟರಿನ ಹಿಂದೆ ಒಂದು ಎತ್ತರದ ಸ್ಟೂಲ್ ಇರಿಸಲು ಯಾವ ಕಂಪನಿಯೂ ಹೊಸ ಕಾಯ್ದೆಗಾಗಿ ಕಾಯಬೇಕಾಗಿಲ್ಲ, ಅದನ್ನು ಕೇಳಲು ಗ್ರಾಹಕರೂ ಕಾಯಬೇಕಾಗಿಲ್ಲ. ಒಬ್ಬರ ಪತ್ರಕ್ಕೆ ಉತ್ತರ ಬಾರದೇ ಹೋಗಬಹುದು. ಒಂದೇ ವಸತಿ ಸಮುಚ್ಚಯದ ಹತ್ತಾರು ಮನೆಯವರು ಒಂದೇ ಮಳಿಗೆಗೆ ಹೋಗುವವರಾದರೆ, ಎಲ್ಲರೂ ಸಹಿ ಹಾಕಿ ವ್ಯವಸ್ಥಾಪಕರ ಕೈಗೇ ಪತ್ರ ಕೊಟ್ಟು, ಅದರ ಒಂದು ನಕಲನ್ನು ಕೇಂದ್ರ ಕಚೇರಿಗೆ ಕಳುಹಿಸಿ, ಮುಂದಿನ ತಿಂಗಳ ಸಾಮಾನಿಗೆ ಹೋದಾಗ ಅದೇನಾಯಿತೆಂದು ವ್ಯವಸ್ಥಾಪಕರನ್ನೇ ವಿಚಾರಿಸಿ.